ಬಿದ್ದ ಹಲ್ಲಿನ ಜಾಗಕ್ಕೆ ಎತ್ತಿನ ಎಲುಬು: ಅಬುಲ್ ಖಾಸಿಂ ಝಹ್ರಾವಿಯವರ ಬದುಕು

ಕಲಬುರಗಿಗೆ ಖಾಜಾ ಬಂದೇನವಾಝರ ಝಿಯಾರತ್‌ಗೆ ಹೋಗುವ ನಮ್ಮ ಕರಾವಳಿಯವರು ಅಲ್ಲಿಂದ ಸುಮಾರು ನಲ್ವತ್ತು ಕಿಲೋಮೀಟರ್ ದೂರದ ಆಳಂದಕ್ಕೂ ಹೋಗಿ ಬರುವುದುಂಟು. ಅಲ್ಲಿ ಶೈಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇದೆ. ಜನ ಅವರನ್ನು ಪ್ರೀತಿಯಿಂದ ಲಾಡ್ಲೆ ಮಶಾಯಿಕ್ ಅಂತ ಕರೆಯುತ್ತಾರೆ. ನಾವು ಹೋದ ಸಲ ತಂಡದಲ್ಲಿ ವಯಸ್ಸಾದ ಕಾಕ ಒಬ್ಬರಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕಡೆಯ ಕಡಕ್ ಜೋಳದ ರೊಟ್ಟಿ ಬಂತು. ಮೆತ್ತಗಿನ ಅಕ್ಕಿ ರೊಟ್ಟಿಗೆ ಒಗ್ಗಿದ ಬಾಯಿ. ಕಾಕ ಸಾರಿನಲ್ಲಿ ಅದ್ದದೆ ಹಾಗೇ ಕಚ್ಚಿಬಿಟ್ಟರು. ಮೊದಲೇ ಹುಳುಕಾಗಿದ್ದ ಕೆಳಗಿನ ದವಡೆಯ ಹಲ್ಲು ಅರ್ಧಕ್ಕೆ ಮುರಿಯಿತು.

ಊರಿಗೆ ಬಂದ ಮೇಲೆ ಡಾಕ್ಟರು ಉಳಿದ ಬೇರನ್ನು ಕಿತ್ತರು. ಖಾಲಿ ಜಾಗಕ್ಕೆ ಎರಡು ದಾರಿ ಹೇಳಿದರು. ಒಂದು ಬ್ರಿಡ್ಜ್, ಇನ್ನೊಂದು ಇಂಪ್ಲಾಂಟ್. ಗಲ್ಫಿನಲ್ಲಿರುವ ಮಗ ದುಡ್ಡು ಕಳಿಸ್ತೇನೆ, ಇಂಪ್ಲಾಂಟೇ ಮಾಡಿಸಿ ಅಂದ. ಮನೆಯವರು ಈ ವಯಸ್ಸಿಗೆ ಎಲುಬು ಕೊರೆಯುವುದೆಲ್ಲ ಬೇಡ ಅಂದರು. ಕಾಕನಿಗೆ ಬೇರೆಯೇ ಚಿಂತೆ. ಬಾಯೊಳಗೆ ಲೋಹ, ಚಿನ್ನ, ಎಲುಬಿನ ಪುಡಿ ಎಲ್ಲ ಇಡಬಹುದಾ? ಕುಳಿ, ಅಂದರೆ ಗುಸ್ಲ್, ಸರಿಯಾಗ್ತದಾ? ಇದನ್ನು ಕೇಳುವುದಕ್ಕೆ ಅವರು ಮದ್ರಸಕ್ಕೆ ಬಂದರು. ಆಗ ನಾನು ಅವರಿಗೆ ಸಾವಿರ ವರ್ಷದ ಹಿಂದಿನ ಇನ್ನೊಬ್ಬ ಅನ್ಸಾರಿಯವರ ಕತೆ ಹೇಳಿದೆ. ಅದನ್ನೇ ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಅವರ ಪೂರ್ಣ ಹೆಸರು ಅಬುಲ್ ಖಾಸಿಂ ಖಲಫ್ ಬಿನ್ ಅಬ್ಬಾಸ್ ಅಝ್ಝಹ್ರಾವಿ ಅಲ್ ಅನ್ಸಾರಿ. ಮದೀನಾದಲ್ಲಿ ಪ್ರವಾದಿಯವರಿಗೆ (ಸ.ಅ.) ಆಸರೆ ಕೊಟ್ಟ ಅನ್ಸಾರಿಗಳ ವಂಶ. ಆ ವಂಶದ ಒಂದು ಕವಲು ಅಂದುಲುಸಿಗೆ, ಅಂದರೆ ಇಂದಿನ ಸ್ಪೇನಿಗೆ, ಹೋಗಿ ನೆಲೆಸಿತ್ತು. ಯುರೋಪಿನವರು ಅವರನ್ನು ಅಬುಲ್ಕಾಸಿಸ್ ಅಂತ ಕರೆದರು. ಶಸ್ತ್ರಚಿಕಿತ್ಸೆ ಕಲಿಯುವವರು ಇಂದಿಗೂ ಅವರ ಹೆಸರನ್ನು ಓದುತ್ತಾರೆ.

ಝಹ್ರಾದ ಮಗ

ಹಿಜರಿ 325ರಲ್ಲಿ, ಅಂದರೆ ಕ್ರಿ.ಶ. 936ರ ಸುಮಾರಿಗೆ, ಖಲೀಫ ಮೂರನೇ ಅಬ್ದುರ್ರಹ್ಮಾನರು ಕುರ್ತುಬಾ ನಗರದಿಂದ ಕೆಲವೇ ಮೈಲಿ ಪಶ್ಚಿಮಕ್ಕೆ, ಬೆಟ್ಟದ ಇಳಿಜಾರಿನಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ರಾಜಧಾನಿ ಕಟ್ಟಿಸಲು ಶುರು ಮಾಡಿದರು. ಅಬುಲ್ ಖಾಸಿಂ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಊರು ಮತ್ತು ಹುಡುಗ ಒಟ್ಟಿಗೇ ಬೆಳೆದರು. ಝಹ್ರಾವಿ ಎಂಬ ಹೆಸರು ಬಂದದ್ದೇ ಆ ಊರಿನಿಂದ.

ಆಗಿನ ಕುರ್ತುಬಾ ಅಂದರೆ ಇಲ್ಮಿನ ಊರು. ಅಬ್ದುರ್ರಹ್ಮಾನರ ನಂತರ 961ರಲ್ಲಿ ಮಗ ಎರಡನೇ ಹಕಮ್ ಖಲೀಫರಾದರು. ಅವರಿಗೆ ಕಿತಾಬುಗಳ ಹುಚ್ಚು. ಅವರ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಕಿತಾಬುಗಳಿದ್ದವು ಅಂತ ಚರಿತ್ರೆಕಾರರು ಬರೆದಿದ್ದಾರೆ. ಝಹ್ರಾವಿಯವರು ಈ ಖಲೀಫರ ಆಸ್ಥಾನ ವೈದ್ಯರಾಗಿದ್ದರು ಅಂತಲೂ ಹೇಳುವುದುಂಟು.

ಆದರೆ ಅವರು ಅರಮನೆಯ ಕತೆ ಬರೆದವರಲ್ಲ, ತನ್ನ ಬಗ್ಗೆಯೂ ಬರೆದುಕೊಂಡವರಲ್ಲ. ಅವರು ತೀರಿಹೋಗಿ ಹಲವು ದಶಕ ಕಳೆದ ಮೇಲೆ ಅಂದುಲುಸಿನ ವಿದ್ವಾಂಸ ಹುಮೈದಿಯವರು ಒಂದು ಚಿಕ್ಕ ಪರಿಚಯ ಬರೆದರು. ಇಬ್ನು ಹಝ್ಮರು ಅವರ ಗ್ರಂಥವನ್ನು ಬಹಳ ಹೊಗಳಿದ್ದಾರೆ. ಝಹ್ರಾವಿಯವರನ್ನು ನಾವು ಕಾಣಬೇಕಾದರೆ ಅವರ ಕಿತಾಬಿನ ಪುಟಗಳಲ್ಲೇ ಕಾಣಬೇಕು.

ಮಕ್ಕಳಿಗಾಗಿ ಬರೆದ ಕಿತಾಬು

ಆ ಕಿತಾಬಿನ ಹೆಸರು ಅತ್ತಸ್ರೀಫ್. ಒಟ್ಟು 30 ಭಾಗ. ಐವತ್ತು ವರ್ಷದ ಅನುಭವವನ್ನೆಲ್ಲ ತುಂಬಿ ಅವರು ಅದನ್ನು ಮುಗಿಸಿದ್ದು ಕ್ರಿ.ಶ. 1000ದ ಸುಮಾರಿಗೆ. ಹೆಚ್ಚಿನ ಭಾಗಗಳು ರೋಗ, ಮದ್ದು, ಪಥ್ಯದ ಬಗ್ಗೆ. ಕೊನೆಯ ಮೂವತ್ತನೇ ಭಾಗ ಶಸ್ತ್ರಚಿಕಿತ್ಸೆಯದ್ದು. ಅವರ ಹೆಸರನ್ನು ಉಳಿಸಿದ್ದು ಅದೇ ಭಾಗ. ಸುಡುವ ಚಿಕಿತ್ಸೆ, ಕೊಯ್ಯುವ ಚಿಕಿತ್ಸೆ, ಮುರಿದ ಎಲುಬು ಕೂಡಿಸುವುದು ಎಂದು ಅದರಲ್ಲಿ ಮೂರು ಬಾಬ್. ಪಕ್ಕದಲ್ಲೇ ಉಪಕರಣಗಳ ಚಿತ್ರ. ಸುಮಾರು ಇನ್ನೂರು ಉಪಕರಣಗಳನ್ನು ಅವರು ಚಿತ್ರ ಬರೆದು ತೋರಿಸಿದ್ದಾರೆ. ಓದಿದವನು ಕಮ್ಮಾರನ ಹತ್ತಿರ ಹೋಗಿ ಮಾಡಿಸಿಕೊಳ್ಳಬೇಕಲ್ವಾ, ಅದಕ್ಕೆ.

ತನ್ನ ಶಿಷ್ಯರನ್ನು ಅವರು ಮಕ್ಕಳೇ ಅಂತ ಕರೆದೇ ಪಾಠ ಶುರು ಮಾಡುತ್ತಾರೆ. ಮೊದಲ ಪಾಠವೇ ಎಚ್ಚರಿಕೆ. ತನ್ನ ಕಾಲದಲ್ಲಿ ಕೈಚಳಕದ ಚಿಕಿತ್ಸೆ ಬಲ್ಲವರೇ ಇಲ್ಲವಾಗಿದ್ದಾರೆ, ಯಾಕೆಂದರೆ ದೇಹದ ಒಳರಚನೆ ಕಲಿಯದೆ ಕತ್ತಿ ಹಿಡಿಯುತ್ತಾರೆ ಅಂತ ಬೇಸರಪಡುತ್ತಾರೆ. ಕಣ್ಣಾರೆ ಕಂಡ ಅನಾಹುತಗಳನ್ನೂ ಬರೆದಿದ್ದಾರೆ. ಒಬ್ಬ ಅರೆಬರೆ ವೈದ್ಯ ಹೆಂಗಸೊಬ್ಬಳ ಕುತ್ತಿಗೆಯ ಗಡ್ಡೆ ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿದ. ರಕ್ತ ನಿಲ್ಲದೆ ಆಕೆ ಅವನ ಎದುರಲ್ಲೇ ತೀರಿಹೋದಳು. ಇನ್ನೊಬ್ಬ ಮುದುಕರ ಮೂತ್ರಕೋಶದ ದೊಡ್ಡ ಕಲ್ಲು ತೆಗೆಯುವಾಗ ಕೋಶದ ತುಂಡನ್ನೂ ಸೇರಿಸಿ ಎಳೆದ. ಅವರೂ ಉಳಿಯಲಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬೇಡಿ, ದುಡ್ಡಿನ ಆಸೆಗೆ ಅಪಾಯದ ರೋಗಿಯನ್ನು ಮುಟ್ಟಬೇಡಿ ಎಂಬುದೇ ಅವರ ಪಾಠದ ಸಾರ.

ಅವರ ಕೈಗುಣದ ಕತೆಯೂ ಅದೇ ಕಿತಾಬಿನಲ್ಲಿ ಇದೆ. ಕತ್ತಿಯಿಂದ ತನ್ನ ಗಂಟಲನ್ನೇ ಕುಯ್ದುಕೊಂಡಿದ್ದ ಒಬ್ಬ ಹುಡುಗಿಯನ್ನು ಅವರ ಹತ್ತಿರ ತಂದರು. ಗಾಯದಿಂದ ಉಸಿರು ಹೊರಗೆ ಬರುತ್ತಿತ್ತು. ದೊಡ್ಡ ರಕ್ತನಾಳ ತುಂಡಾಗಿಲ್ಲ ಅನ್ನುವುದನ್ನು ನೋಡಿಕೊಂಡು ಹೊಲಿದರು. ಹುಡುಗಿ ಬದುಕಿದಳು. ಒಳಗಿನ ಹೊಲಿಗೆಗೆ ಪ್ರಾಣಿಯ ಕರುಳಿನ ನೂಲು ಬಳಸುವುದು, ರಕ್ತನಾಳವನ್ನು ದಾರದಿಂದ ಕಟ್ಟಿ ರಕ್ತ ನಿಲ್ಲಿಸುವುದು ಇಂಥವೆಲ್ಲ ಅವರ ಪುಟಗಳಲ್ಲಿವೆ.

ಹಲ್ಲಿನ ಪಾಠ

ಆ ಕಾಲದಲ್ಲಿ ಹಲ್ಲು ಅಂದರೆ ಕ್ಷೌರಿಕರ ಕೆಲಸ. ನೋವು ಬಂದರೆ ಕೀಳುವುದು, ಅಷ್ಟೇ. ದೊಡ್ಡ ವೈದ್ಯರು ಅದನ್ನು ಮುಟ್ಟುತ್ತಿರಲಿಲ್ಲ. ಝಹ್ರಾವಿಯವರು ಮಾತ್ರ ಅದಕ್ಕೆ ಹಲವು ಅಧ್ಯಾಯ ಕೊಟ್ಟರು.

ಮೊದಲನೆಯದು ಪಾಚಿ. ಹಲ್ಲಿನ ಒಳಗೂ ಹೊರಗೂ, ವಸಡಿನ ಅಂಚಿನಲ್ಲೂ ಒರಟಾದ ಗಟ್ಟಿ ಪಾಚಿ ಕಟ್ಟುತ್ತದೆ. ಹಲ್ಲು ಕಪ್ಪು ಹಳದಿಯಾಗುವುದಲ್ಲದೆ ವಸಡೂ ಕೆಡುತ್ತದೆ ಅಂತ ಅವರು ಗುರುತಿಸಿದ್ದರು. ಅದನ್ನು ಕೆರೆಯಲು 14 ಬಗೆಯ ಉಪಕರಣಗಳ ಚಿತ್ರ ಕೊಟ್ಟಿದ್ದಾರೆ. ಒಳಬದಿಗೆ ಒಂದು, ಹೊರಬದಿಗೆ ಒಂದು, ಸಂದಿಗೆ ಮತ್ತೊಂದು. ಒಂದೇ ದಿನ ಮುಗಿಯದಿದ್ದರೆ ಎರಡನೇ ದಿನ, ಮೂರನೇ ದಿನ ಮತ್ತೆ ಕೂರಿಸಿ ಪೂರ್ತಿ ಮಾಡಿ ಅನ್ನುತ್ತಾರೆ. ಇವತ್ತು ಡಾಕ್ಟರು ಕ್ಲೀನಿಂಗ್ ಮಾಡಿಸಿ ಅನ್ನುವುದು ಇದನ್ನೇ.

ಎರಡನೆಯದು ಕೀಳುವ ವಿಷಯ. ಹಲ್ಲನ್ನು ಬೇರೆಲ್ಲ ಉಪಾಯ ಮಾಡಿ ನೋಡಿದ ಮೇಲೆಯೇ ಕೀಳಬೇಕು, ಯಾಕೆಂದರೆ ಹೋದ ಹಲ್ಲಿಗೆ ಸಮನಾದದ್ದು ಇನ್ನೊಂದಿಲ್ಲ ಎಂಬುದು ಅವರ ನಿಲುವು. ನೋವಿನಲ್ಲಿ ರೋಗಿಗೆ ಯಾವ ಹಲ್ಲು ಅಂತಲೇ ಗೊತ್ತಾಗುವುದಿಲ್ಲ. ಒಳ್ಳೆ ಹಲ್ಲನ್ನು ತೋರಿಸುತ್ತಾನೆ, ಕ್ಷೌರಿಕ ಅದನ್ನು ಕೀಳುತ್ತಾನೆ, ನೋವು ಹೋಗುವುದಿಲ್ಲ. ಆಮೇಲೆ ಕೆಟ್ಟ ಹಲ್ಲನ್ನೂ ಕೀಳಬೇಕಾಗುತ್ತದೆ. ಇದನ್ನು ಅವರು ಎಷ್ಟೋ ಸಲ ಕಂಡಿದ್ದರು. ಕೀಳಲೇಬೇಕಾದರೆ ಹೇಗೆ ಅಂತಲೂ ಹೇಳಿಕೊಟ್ಟಿದ್ದಾರೆ. ಸುತ್ತಲಿನ ವಸಡನ್ನು ಬಿಡಿಸಿ, ಮೆಲ್ಲಗೆ ಅಲ್ಲಾಡಿಸಿ ಸಡಿಲ ಮಾಡಿ, ಆಮೇಲೆ ದೊಡ್ಡ ಇಕ್ಕಳದಿಂದ ಹಿಡಿದು ನೇರಕ್ಕೆ ಎಳೆಯಬೇಕು. ಹಲ್ಲಿನಲ್ಲಿ ತೂತಿದ್ದರೆ ಮೊದಲು ಅದಕ್ಕೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಇಕ್ಕಳದ ಒತ್ತಡಕ್ಕೆ ಪುಡಿಯಾಗುತ್ತದೆ. ಅವಸರ ಮಾಡಿ ಬೇರು ಮುರಿದರೆ, ದವಡೆಯ ಎಲುಬು ಕಿತ್ತು ಬಂದರೆ, ಮೊದಲಿನ ನೋವಿಗಿಂತ ದೊಡ್ಡ ಸಂಕಟ. ಕೊನೆಗೆ ಸುರ್ಕ ಮತ್ತು ಉಪ್ಪು ಹಾಕಿ ಬಾಯಿ ಮುಕ್ಕಳಿಸಬೇಕು.

ಮೂರನೆಯದೇ ನಮ್ಮ ಕಾಕನಿಗೆ ಬೇಕಾದ ಪಾಠ. ಪೆಟ್ಟು ಬಿದ್ದು ಮುಂದಿನ ಹಲ್ಲು ಅಲ್ಲಾಡಿದರೆ, ಮದ್ದಿನಿಂದ ಗಟ್ಟಿಯಾಗದಿದ್ದರೆ, ತಂತಿ ಕಟ್ಟಬೇಕು. ತಂತಿ ಚಿನ್ನದ್ದೇ ಆಗಬೇಕು, ಬೆಳ್ಳಿ ಕೆಲವೇ ದಿನಗಳಲ್ಲಿ ಕಿಲುಬು ಹಿಡಿಯುತ್ತದೆ, ಚಿನ್ನ ಹಾಗೇ ಉಳಿಯುತ್ತದೆ. ತಂತಿ ದಪ್ಪವೂ ಇರಬಾರದು, ತೆಳುವೂ ಇರಬಾರದು. ಒಂದು ಬದಿಯ ಗಟ್ಟಿ ಹಲ್ಲಿನಿಂದ ಶುರು ಮಾಡಿ, ಅಲ್ಲಾಡುವ ಒಂದೊಂದು ಹಲ್ಲಿನ ಸಂದಿಯಲ್ಲೂ ಚಾಪೆ ನೇಯ್ದ ಹಾಗೆ ದಾಟಿಸಿ, ಇನ್ನೊಂದು ಬದಿಯ ಗಟ್ಟಿ ಹಲ್ಲಿನ ತನಕ ಹೋಗಬೇಕು. ಅಲ್ಲಿಂದ ಹಾಗೇ ನೇಯುತ್ತಾ ವಾಪಸು ಬರಬೇಕು. ಜಾರದಂತೆ ಹಲ್ಲಿನ ಬುಡದ ಹತ್ತಿರ ಬಿಗಿಯಬೇಕು. ತುದಿ ಕತ್ತರಿಸಿ, ತಿರುಚಿ, ನಾಲಿಗೆಗೆ ಚುಚ್ಚದ ಹಾಗೆ ಸಂದಿಯಲ್ಲಿ ಅಡಗಿಸಬೇಕು. ತಂತಿ ಸಡಿಲವಾದರೆ ಇನ್ನೊಂದು ಕಟ್ಟಿದರಾಯಿತು, ಜೀವಮಾನ ಪೂರ್ತಿ ಹೀಗೆ ನಡೆಸಬಹುದು.

ಅಲ್ಲಿಗೇ ಅವರು ನಿಲ್ಲಿಸಲಿಲ್ಲ. ಹಲ್ಲು ಬಿದ್ದೇಹೋಗಿದ್ದರೆ ಅದೇ ಹಲ್ಲನ್ನು ಅದರ ಜಾಗದಲ್ಲಿ ಕೂರಿಸಿ ಇದೇ ರೀತಿ ಕಟ್ಟಬಹುದು. ಅದು ಇಲ್ಲದಿದ್ದರೆ ಎತ್ತಿನ ಎಲುಬಿನ ತುಂಡನ್ನು ಹಲ್ಲಿನ ಆಕಾರಕ್ಕೆ ಕೆತ್ತಿ ಆ ಖಾಲಿ ಜಾಗದಲ್ಲಿಟ್ಟು ಪಕ್ಕದ ಹಲ್ಲುಗಳಿಗೆ ಕಟ್ಟಬಹುದು. ಅದು ನಿಲ್ಲುತ್ತದೆ, ಬಹಳ ಕಾಲ ಉಪಯೋಗಕ್ಕೂ ಬರುತ್ತದೆ. ಕೆಲಸ ಬಲ್ಲ ಮೆತ್ತಗಿನ ಕೈಯವನೇ ಇದನ್ನು ಮಾಡಬೇಕು ಎಂಬುದು ಅವರ ಷರತ್ತು. ಸಾವಿರ ವರ್ಷದ ಹಿಂದೆ ಬರೆದ ಈ ನಾಲ್ಕು ಸಾಲು ಇಂದಿನ ಬ್ರಿಡ್ಜಿನ ಹಿರಿಯಣ್ಣ.

ಚಿನ್ನದ ಪ್ರಶ್ನೆ

ಗಂಡಸರಿಗೆ ಚಿನ್ನ ಹರಾಮಲ್ವಾ, ಝಹ್ರಾವಿಯವರು ಹೇಗೆ ಬಳಸಿದರು ಅಂತ ಕಾಕ ಕೇಳಿದರು. ಉತ್ತರ ಅವರಿಗಿಂತ ಮುನ್ನೂರು ವರ್ಷ ಹಿಂದಿನದು. ಅರ್ಫಜ ಬಿನ್ ಅಸ್‌ಅದ್ (ರ.ಅ.) ಎಂಬ ಸಹಾಬಿಗೆ ಅಜ್ಞಾನ ಕಾಲದ ಕುಲಾಬ್ ಯುದ್ಧದಲ್ಲಿ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರೆ ವಾಸನೆ ಬಂತು. ಆಗ ಪ್ರವಾದಿಯವರು (ಸ.ಅ.) ಚಿನ್ನದ್ದನ್ನು ಮಾಡಿಸಿಕೊಳ್ಳಲು ಹೇಳಿದರು. ಅಬೂದಾವೂದ್, ತಿರ್ಮಿದಿಯಲ್ಲಿ ಈ ಹದೀಸ್ ಇದೆ. ಇದರ ಆಧಾರದಲ್ಲೇ ನಮ್ಮ ಶಾಫಿಈ ಮದ್ಹಬಿನಲ್ಲಿ, ಇಮಾಂ ನವವಿಯವರ ಮಿನ್ಹಾಜಿನಲ್ಲಿ ಇರುವಂತೆ, ಮೂಗು, ಬೆರಳಿನ ತುದಿ, ಹಲ್ಲು ಈ ಮೂರಕ್ಕೆ ಚಿನ್ನ ಗಂಡಸರಿಗೂ ಆಗುತ್ತದೆ. ಶೋಕಿಗೆ ಒಳ್ಳೆ ಹಲ್ಲಿನ ಮೇಲೆ ಚಿನ್ನ ಹೊದಿಸುವುದು ಬೇರೆ ವಿಷಯ.

ಕುಳಿಯ ಪ್ರಶ್ನೆಯೂ ಸುಲಭ. ಶಾಫಿಈಯಲ್ಲಿ ಬಾಯಿ ಮುಕ್ಕಳಿಸುವುದು ಕುಳಿಯಲ್ಲೂ ವುಳೂವಿನಲ್ಲೂ ಸುನ್ನತ್. ಆಳಂದದ ಕಡೆ ಹೆಚ್ಚಿನವರು ಹನಫಿಗಳು, ಅವರಿಗೆ ಕುಳಿಯಲ್ಲಿ ಅದು ಫರ್ಳ್. ಆದರೂ ತೆಗೆಯಲಾಗದಂತೆ ಕೂರಿಸಿದ ಹಲ್ಲಿನಿಂದ ಅವರ ಕುಳಿಗೂ ತೊಂದರೆ ಇಲ್ಲ.

ಬ್ರಿಡ್ಜಾ, ಇಂಪ್ಲಾಂಟಾ?

ಝಹ್ರಾವಿಯವರ ಎಲುಬಿನ ಹಲ್ಲು ಪಕ್ಕದ ಹಲ್ಲುಗಳ ಬಲದಲ್ಲಿ ನಿಂತಿತ್ತು. ಇಂದಿನ ಬ್ರಿಡ್ಜೂ ಹಾಗೇ. ಎರಡೂ ಬದಿಯ ಹಲ್ಲುಗಳನ್ನು ಸುತ್ತ ಉಜ್ಜಿ ಸಣ್ಣ ಮಾಡಿ ಕ್ಯಾಪ್ ಹಾಕುತ್ತಾರೆ, ನಡುವಿನ ಹುಸಿ ಹಲ್ಲು ಅವುಗಳಿಗೆ ಅಂಟಿಕೊಂಡಿರುತ್ತದೆ. ಕೆಲವೇ ಸಲ ಹೋಗಿ ಬಂದರೆ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಹುಸಿ ಹಲ್ಲಿನ ಅಡಿಯಲ್ಲಿ ಅನ್ನ ಸಿಕ್ಕಿಕೊಂಡರೆ ಆಧಾರದ ಹಲ್ಲಿಗೆ ಹುಳುಕು ಹಿಡಿಯುತ್ತದೆ. ಖಾಲಿ ಜಾಗದ ಎಲುಬು ನಿಧಾನಕ್ಕೆ ಕರಗುತ್ತಲೂ ಇರುತ್ತದೆ.

ಇಂಪ್ಲಾಂಟ್ ಪಕ್ಕದ ಹಲ್ಲನ್ನು ಮುಟ್ಟುವುದಿಲ್ಲ. ದವಡೆಯ ಎಲುಬಿನಲ್ಲೇ ಟೈಟಾನಿಯಂ ತಿರುಪು ಕೂರಿಸಿ, ಅದು ಬೆಸೆದುಕೊಂಡ ಮೇಲೆ ಮೇಲಿಂದ ಹಲ್ಲು ಹಾಕುತ್ತಾರೆ. ಟೈಟಾನಿಯಂ ಎಲುಬಿನೊಂದಿಗೆ ಬೆಸೆಯುತ್ತದೆ ಅಂತ ಗುರುತಿಸಿದ್ದು ಸ್ವೀಡನಿನ ಬ್ರೋನೆಮಾರ್ಕ್ ಎಂಬ ವೈದ್ಯರು, 1950ರ ದಶಕದಲ್ಲಿ, ಮೊಲಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ. ಮನುಷ್ಯರಿಗೆ ಮೊದಲು ಅಳವಡಿಸಿದ್ದು 1965ರಲ್ಲಿ. ಇದಕ್ಕೆ ಎಲುಬು ಸಾಕಷ್ಟು ಇರಬೇಕು, ಕೆಲವು ತಿಂಗಳು ಕಾಯಬೇಕು, ಖರ್ಚು ಜಾಸ್ತಿ. ಶುಗರ್ ಹತೋಟಿಯಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ, ವಸಡಿನ ರೋಗ ಇರುವವರಿಗೆ ಅದು ಕೈಕೊಡುವ ಸಂಭವ ಹೆಚ್ಚು.

ಎಲುಬು ಕಡಿಮೆ ಇದ್ದರೆ ಎಲುಬಿನ ಪುಡಿ ತುಂಬುತ್ತಾರೆ. ಹೆಚ್ಚಾಗಿ ಅದು ದನದ ಎಲುಬಿನಿಂದ ಮಾಡಿದ್ದು. ಝಹ್ರಾವಿಯವರ ಎತ್ತಿನ ಎಲುಬು ಬೇರೆ ರೂಪದಲ್ಲಿ ವಾಪಸು ಬಂದಿದೆ ನೋಡಿ. ಆದರೆ ಮೇಲಿಂದ ಮುಚ್ಚುವ ತೆಳು ಪೊರೆಗಳಲ್ಲಿ ಕೆಲವು ಹಂದಿಯಿಂದ ತಯಾರಾದವು. ಪ್ರಾಣಿಯದ್ದಲ್ಲದ ಪುಡಿಗಳೂ ಸಿಗುತ್ತವೆ. ಶುದ್ಧವಾದದ್ದು ಸಿಗುವಾಗ ನಜಸಿನಿಂದ ಎಲುಬು ಕೂಡಿಸಬಾರದು, ಸಿಗದೇ ಇದ್ದಾಗ ಮಾತ್ರ ವಿನಾಯಿತಿ ಎಂಬುದು ನಮ್ಮ ಫಿಕ್‌ಹ್. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಯಾವುದರಿಂದ ಮಾಡಿದ್ದು ಅಂತ ಡಾಕ್ಟರಲ್ಲಿ ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಸಂಶಯ ಉಳಿದರೆ ನಿಮ್ಮ ಊರಿನ ಖತೀಬರನ್ನೂ ಕೇಳಿ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಬಿದ್ದ ಹಲ್ಲನ್ನೇ ಮತ್ತೆ ಕೂರಿಸಬಹುದು ಅಂತ ಝಹ್ರಾವಿಯವರು ಬರೆದದ್ದು ಇಂದಿಗೂ ನಿಜ. ಮಗು ಬಿದ್ದು ಹಾಲುಹಲ್ಲಲ್ಲದ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬಿಸಾಡಬೇಡಿ. ಬೇರು ಮುಟ್ಟದೆ ಹಲ್ಲಿನ ಮೇಲ್ಭಾಗ ಹಿಡಿದು, ಉಜ್ಜದೆ, ಹಾಲಿನಲ್ಲಿ ಹಾಕಿ ಕೂಡಲೇ ಡಾಕ್ಟರ ಹತ್ತಿರ ಓಡಿ. ಒಂದು ಗಂಟೆಯೊಳಗೆ ತಲುಪಿದರೆ ಉಳಿಯುವ ಆಸೆ ಇದೆ.

ಊರು ಅಳಿಯಿತು, ಕಿತಾಬು ಉಳಿಯಿತು

ಝಹ್ರಾವಿಯವರ ಕೊನೆಗಾಲ ಸುಖದ್ದಲ್ಲ. 1009ರಲ್ಲಿ ಕುರ್ತುಬಾದಲ್ಲಿ ಅಧಿಕಾರಕ್ಕಾಗಿ ಒಳಜಗಳ ಎದ್ದಿತು. ಮುಸ್ಲಿಮರೇ ಮುಸ್ಲಿಮರ ಮೇಲೆ ಕತ್ತಿ ಎತ್ತಿದರು. ಅವರ ಜೊತೆಗೇ ಹುಟ್ಟಿದ್ದ ಮದೀನತುಝ್ಝಹ್ರಾ ನಗರವನ್ನು ಆ ಫಿತ್ನದಲ್ಲಿ ಲೂಟಿ ಮಾಡಿ ಹಾಳುಗೆಡವಿದರು. ಎಪ್ಪತ್ತು ದಾಟಿದ್ದ ವೈದ್ಯರು ಅದನ್ನೂ ಕಂಡರು. ಹಿಜರಿ 404ರ, ಅಂದರೆ ಕ್ರಿ.ಶ. 1013ರ, ಸುಮಾರಿಗೆ ಅವರು ಅಲ್ಲಾಹನ ಕಡೆಗೆ ಮರಳಿದರು. ಊರು ಮಣ್ಣಿನಡಿ ಸೇರಿತು. 1911ರಲ್ಲಿ ಅದರ ಉತ್ಖನನ ಶುರುವಾಯಿತು, 2018ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಿತಾಬು ಮಾತ್ರ ಯಾರ ಕತ್ತಿಗೂ ಸಿಗಲಿಲ್ಲ. ಹನ್ನೆರಡನೇ ಶತಮಾನದಲ್ಲಿ ತುಲೈತುಲಾದಲ್ಲಿ, ಅಂದರೆ ಟೊಲೆಡೊದಲ್ಲಿ, ಕ್ರೆಮೋನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನಿಗೆ ತಂದರು. ಫ್ರಾನ್ಸಿನ ದೊಡ್ಡ ಶಸ್ತ್ರವೈದ್ಯ ಗೀ ದ ಶೋಲಿಯಾಕ್ ತನ್ನ ಗ್ರಂಥದಲ್ಲಿ ಮತ್ತೆ ಮತ್ತೆ ಅವರ ಹೆಸರು ಹೇಳಿದ. 1465ರಲ್ಲಿ ತುರ್ಕಿಯ ಅಮಾಸ್ಯಾದ ಶರಫುದ್ದೀನ್ ಸಾಬುಂಜುಓಗ್ಲು ಅದನ್ನು ತುರ್ಕಿ ಭಾಷೆಗೆ ತಂದು, ತನ್ನ ಅನುಭವ ಸೇರಿಸಿ, ಬಣ್ಣದ ಚಿತ್ರ ಬರೆದರು. 1497ರಲ್ಲಿ ವೆನಿಸಿನಲ್ಲಿ ಅಚ್ಚಾಯಿತು. ಯುರೋಪಿನ ವೈದ್ಯ ವಿದ್ಯಾರ್ಥಿಗಳು ಶತಮಾನಗಳ ಕಾಲ ಅದನ್ನೇ ಓದಿದರು.

ಕಾಕನ ವಿಷಯಕ್ಕೆ ಬರುತ್ತೇನೆ. ಎಕ್ಸ್‌ರೇ ನೋಡಿದಾಗ ಪಕ್ಕದ ಎರಡೂ ಹಲ್ಲುಗಳಿಗೆ ಹಳೇ ದೊಡ್ಡ ಫಿಲ್ಲಿಂಗ್ ಇತ್ತು, ಅವುಗಳಿಗೆ ಹೇಗೂ ಕ್ಯಾಪ್ ಬೇಕಿತ್ತು, ಬೇರು ಗಟ್ಟಿಯಿತ್ತು. ಶುಗರ್ ಮಾತ್ರ ಏರಿತ್ತು. ಡಾಕ್ಟರು ಬ್ರಿಡ್ಜೇ ಒಳ್ಳೆಯದು ಅಂದರು, ಕಾಕ ಒಪ್ಪಿದರು. ಪಕ್ಕದ ಹಲ್ಲುಗಳು ಕಲೆಯಿಲ್ಲದೆ ಇರುವ, ಶುಗರ್ ಇಲ್ಲದ ಹರೆಯದ ಹುಡುಗನಾಗಿದ್ದರೆ ಅದೇ ಡಾಕ್ಟರು ಬೇರೆ ಹೇಳುತ್ತಿದ್ದರು. ದುಡ್ಡು ಇದೆ ಅಂತ ಇಂಪ್ಲಾಂಟೂ ಅಲ್ಲ, ಅಗ್ಗ ಅಂತ ಬ್ರಿಡ್ಜೂ ಅಲ್ಲ. ಪಕ್ಕದ ಹಲ್ಲು ಹೇಗಿದೆ, ಕೆಳಗಿನ ಎಲುಬು ಹೇಗಿದೆ, ಮೈಯಲ್ಲಿ ಕಾಯಿಲೆ ಏನಿದೆ, ಇದನ್ನು ನೋಡಿಯೇ ತೀರ್ಮಾನ. ಚಿನ್ನದ ತಂತಿ ಕೈಗೆತ್ತಿಕೊಳ್ಳುವ ಮೊದಲು ಝಹ್ರಾವಿಯವರು ಹುಡುಕುತ್ತಿದ್ದದ್ದೂ ಎರಡೂ ಬದಿಯ ಗಟ್ಟಿ ಹಲ್ಲುಗಳನ್ನೇ.

ಎಲ್ಲಕ್ಕಿಂತ ಮೊದಲು, ಇರುವ ಹಲ್ಲನ್ನು ಉಳಿಸಿಕೊಳ್ಳಿ. ಮಿಸ್ವಾಕ್ ಇರಲಿ, ಬ್ರಷ್ ಇರಲಿ, ದಿನಾ ಉಜ್ಜಿ. ಪಾಚಿ ಕಟ್ಟಿದರೆ ತೆಗೆಸಿ. ಮುಂದಿನ ಸಲ ಆಳಂದಕ್ಕೆ ಹೋದರೆ ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ. ಅಲ್ಲಾಹನು ಆ ದೊಡ್ಡ ವೈದ್ಯರ ಖಬರನ್ನು ಬೆಳಗಿಸಲಿ, ಆಮೀನ್.